ಭಾವನವರ ಕಾಲ್ಚೆಂಡಿನ ಲೆಕ್ಕ

ಗೃಹಸ್ಥರ ಮನೆಗಳಲ್ಲಿ ಹಿರಿಯರೂ ಕಿರಿಯರೂ ಓದುವ ಪತ್ರಿಕೆಯಲ್ಲಿ ಕಾಲ್ಚೆಂಡಿನಾಟದ ವಿಚಾರವನ್ನು ಎತ್ತಿಕೊಂಡರೆ ಕೆಲವರು ವಾಚಕರು ಹುಬ್ಬೇರಿಸಬಹುದು. ಅದರಲ್ಲಿಯೂ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಂದ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿ ಈಚೆಗೆ ನಿವೃತ್ತರಾದ ನಮ್ಮಂತಹ ಸಂಸ್ಕೃತದ ಉಪಾಧ್ಯಾಯರಿಗೆ ಆ ಆಟದ ಗೊಡವೆ ಯಾತಕ್ಕೆ ಎಂದು ಕೇಳುವವರೂ ಉಂಟು. ನಮ್ಮ ಮನೆಯವರೇ ಕೇಳಿದ್ದಾರೆ. ಆದರೂ 2013ನೆಯ ಇಸವಿಯ ಸೆಪ್ಟೆಂಬರಿನಿಂದ ಮರುವರ್ಷದ ಏಪ್ರಿಲಿನವರೆಗೆ ನಾವು ಒಂದು ಕಾಲ್ಚೆಂಡಿನ ಋತುವನ್ನು ಆದ್ಯಂತವಾಗಿ ಅನುಸರಿಸಿದೆವು. ಅದನ್ನು ನೋಡಿದೆವೆಂದು ಹೇಳುವುದಕ್ಕಿಂತ ನೋಡುವವರೊಬ್ಬರ ಪಕ್ಕದಲ್ಲಿ ಕುಳಿತಿದ್ದೆವೆಂದು ಹೇಳುವುದೇ ಸರಿಯಾದೀತು.

ನಮ್ಮ ಪ್ರಾಚೀನರು ಚೆಂಡನ್ನು ಅರಿಯದವರೇನೂ ಅಲ್ಲ. ಕೌರವಪಾಂಡವರ ಬಾಲ್ಯದಲ್ಲಿ ಬಾವಿಗೆ ಬಿದ್ದ ಆಟದ ವಸ್ತುವನ್ನು ದ್ರೋಣರು ಹುಲ್ಲುಕಡ್ಡಿಗಳಿಂದ ಎತ್ತಿಕೊಟ್ಟ ಕಥೆ ಮನೆಮನೆಗೂ ತಿಳಿದದ್ದು. ದಂಡಿಯ ದಶಕುಮಾರಚರಿತದಲ್ಲಿ ಸುಹ್ಮದೇಶದ ರಾಜಪುತ್ರಿ ಕಂದುಕಾವತಿಯು ದೇವಿಯ ಪ್ರೀತ್ಯರ್ಥವಾಗಿ ಜನರೆದುರಿಗೆ ಚೆಂಡಾಡುವ ಉತ್ಸವವೇ ಇದೆ. ಸುಹ್ಮವೆಂದರೆ ಇಂದಿನ ಪಶ್ಚಿಮ ಬಂಗಾಳದ ಒಂದು ಭಾಗ. ಕಲ್ಕತ್ತೆಯವರಿಗೆ ಚೆಂಡಿನ ಹುಚ್ಚು ದಂಡಿಯ ಕಾಲದಿಂದಲೇ ಹತ್ತಿತ್ತೆಂದು ನಾವು ತರಗತಿಯಲ್ಲಿ ವಿನೋದಕ್ಕಾಗಿ ಹೇಳುತ್ತಿದ್ದುದುಂಟು. ಕಾಲ್ಚೆಂಡಿನ ವಿಷಯದಲ್ಲಿ ನಮ್ಮ ಪಾಂಡಿತ್ಯವು ಅಂದಿಗೆ ಅಷ್ಟರಲ್ಲಿಯೇ ಮುಗಿದಿತ್ತು.

ನಮ್ಮ ಅಕ್ಕನ ಯಜಮಾನರು ಹಾಗಲ್ಲ. ಅವರು ಹಲಸೂರಿನ ಕಡೆಯ ಬಯಲುಗಳಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದವರು. ಮೈಸೂರು ಸಂಸ್ಥಾನದ ಹೆಸರು ಇನ್ನೂ ಉಳಿದಿದ್ದ ಕಾಲದಲ್ಲಿ, ಎಂದರೆ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು 1968–69ರಲ್ಲಿ ಗೆದ್ದುಕೊಂಡ ದಿನಗಳಲ್ಲಿ, ಅವರು ಇಪ್ಪತ್ತೊಂದು ವರ್ಷದ ಹುಡುಗರು. ಬೆಂಗಳೂರಿನ ಒಂದು ಸರಕಾರಿ ಕಾರ್ಖಾನೆಯವರು ಅವರ ಎಡಗಾಲನ್ನು ನೋಡಿ ಕೆಲಸ ಕೊಟ್ಟರು. ಇದು ಉಪಮೆಯ ಮಾತಲ್ಲ. ಬೆಳಿಗ್ಗೆ ಯಂತ್ರದ ಮುಂದೆ ಅರ್ಧ ದಿನ, ಮಧ್ಯಾಹ್ನದ ಮೇಲೆ ಮೈದಾನದಲ್ಲಿ ಅರ್ಧ ದಿನ. ಮಂಡಿ ಕೆಟ್ಟು ಆಟ ನಿಂತ ಮೇಲೆಯೂ ಯಂತ್ರದ ಮುಂದಿನ ಸ್ಥಾನ ಉಳಿಯಿತು. ಅದರಿಂದಲೇ ಮನೆ ಕಟ್ಟಿದರು, ಮಗನನ್ನು ಓದಿಸಿದರು. ಆಗಿನ ಕಾಲದಲ್ಲಿ ಕಾಲ್ಚೆಂಡನ್ನು ನಂಬಿ ಹೆಣ್ಣು ಕೊಡುವುದಕ್ಕೆ ನಮ್ಮ ತಂದೆಯವರು ಒಪ್ಪಿದುದು ಆ ಸಂಬಳದ ಚೀಟಿಯನ್ನು ನೋಡಿದ ಮೇಲೆ.

2012ರ ಕಾರ್ತಿಕದಲ್ಲಿ ನಮ್ಮ ಅಕ್ಕ ತೀರಿಕೊಂಡಳು. ಭಾವನವರು ಅಳಲಿಲ್ಲ, ಆದರೆ ಮಾತನ್ನು ಬಿಟ್ಟರು. ಮಗ ಪುಣೆಯಲ್ಲಿ ಕೆಲಸದಲ್ಲಿದ್ದವನು ಕರೆದನು, ಹೋಗಲಿಲ್ಲ. ನಮ್ಮ ಮನೆಗೆ ಬನ್ನಿರೆಂದೆವು, ಬರಲಿಲ್ಲ. ಎದೆಯಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತಿದೆ, ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿ ಆರು ತಿಂಗಳಾಗಿತ್ತು. ಅದಕ್ಕೂ ಒಪ್ಪಲಿಲ್ಲ. "ಇನ್ನು ಯಾತಕ್ಕೆ ಮೇಷ್ಟ್ರೇ" ಎಂದು ಒಂದು ದಿನ ಹೇಳಿದರು. ಆ ವರ್ಷ ನಾವು ಅವರ ಬಾಯಿಂದ ಕೇಳಿದ ಅತ್ಯಂತ ದೀರ್ಘವಾದ ವಾಕ್ಯ ಅದೇ. ಜಗಲಿಯ ಮೇಲೆ ಕುಳಿತು, ಅಕ್ಕನು ಹಾಲಿನ ಲೆಕ್ಕ ಬರೆಯುತ್ತಿದ್ದ ಉದ್ದನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬರೆಯದೆ ಉಳಿದ ಹಾಳೆಗಳನ್ನು ತಿರುವುತ್ತಿದ್ದರು.

ಹೀಗಿರುವಾಗ ಬೆಂಗಳೂರಿನಲ್ಲಿ ಹೊಸದೊಂದು ಕಾಲ್ಚೆಂಡಿನ ಸಂಘವು 2013ರ ಜುಲೈ ತಿಂಗಳಲ್ಲಿ ಹುಟ್ಟಿತು. ಒಂದು ಉಕ್ಕಿನ ಕಂಪನಿಯವರ ಬಂಡವಾಳ. ಹೆಸರು ಬೆಂಗಳೂರು ಎಫ್.ಸಿ. ನೇರವಾಗಿ ಐ-ಲೀಗಿಗೆ, ಎಂದರೆ ಆಗಿನ ಕಾಲಕ್ಕೆ ದೇಶದ ಅಗ್ರಶ್ರೇಣಿಗೆ, ಅದಕ್ಕೆ ಪ್ರವೇಶ ದೊರೆಯಿತು. ನಮ್ಮ ಸೋದರಳಿಯನು ಪುಣೆಯಿಂದ ಫೋನು ಮಾಡಿ, "ಮಾವ, ಮೊದಲನೆಯ ಪಂದ್ಯಕ್ಕೆ ಎರಡು ಟಿಕೇಟು ತೆಗೆಸಿದ್ದೇನೆ. ಅಪ್ಪನನ್ನು ಒಬ್ಬರನ್ನೇ ಕಳಿಸುವುದಕ್ಕೆ ಧೈರ್ಯವಿಲ್ಲ, ನೀವು ಜೊತೆಗೆ ಹೋಗಬೇಕು" ಎಂದನು. ಭಾವನವರು ಬರುತ್ತಾರೆಂದು ನಮಗೆ ನಂಬಿಕೆಯಿರಲಿಲ್ಲ. ಆದರೆ ಎದುರಾಳಿ ಯಾರೆಂದು ಕೇಳಿದರು. ಮೋಹನ್ ಬಾಗಾನ್ ಎಂದೆವು. ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಬೆಂಗಳೂರಿಗೂ ಕಲ್ಕತ್ತೆಗೂ ಈ ಆಟದಲ್ಲಿ ಹಳೆಯ ಸಂಬಂಧವಿರುವುದನ್ನು ಇಲ್ಲಿ ಹೇಳದಿದ್ದರೆ ಭಾವನವರು ಚಪ್ಪಲಿ ಮೆಟ್ಟಿದ ಕಾರಣವು ವಾಚಕರಿಗೆ ತಿಳಿಯಲಾರದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ ಮುಂಚೂಣಿಯ ಐವರು ಆಟಗಾರರಿದ್ದರು: ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ವೆಂಕಟೇಶ್, ಸಾಲೆ. ಈ ಐವರಿಗೆ ವಂಗಜನರು ಪಂಚಪಾಂಡವರೆಂದೇ ಹೆಸರಿಟ್ಟಿದ್ದರು. ಅವರಲ್ಲಿ ಒಬ್ಬನೂ ವಂಗದೇಶದವನಲ್ಲ. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ ಪಂದ್ಯದಲ್ಲಿ ಭಾರತದ ಹುಡುಗರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರಷ್ಟೆ. ಆ ತಂಡದಲ್ಲಿಯೂ ಅವರಿದ್ದರು. ಹೀಗೆ ಬೆಂಗಳೂರು ಹುಡುಗರನ್ನು ಬೆಳೆಸುವುದು, ಕಲ್ಕತ್ತೆ ಅವರನ್ನು ಕೊಂಡೊಯ್ಯುವುದು ಎಂಬುದು ಅರ್ಧ ಶತಮಾನದ ವಾಡಿಕೆಯಾಗಿತ್ತು. ಭಾವನವರಿಗೂ ಒಮ್ಮೆ ಕಲ್ಕತ್ತೆಯಿಂದ ಕರೆ ಬಂದಿತ್ತಂತೆ. ಹೋಗಲಿಲ್ಲ. ಅಕ್ಕ ಆಗ ಬಸುರಿ.

ರಾಷ್ಟ್ರಮಟ್ಟದ ಲೀಗು 1996ರಲ್ಲಿ ಮೊದಲಾದಂದಿನಿಂದ ಅದರ ಕಿರೀಟವು ಪಂಜಾಬಿಗೆ, ಗೋವೆಗೆ, ಕಲ್ಕತ್ತೆಗೆ, ಮುಂಬಯಿಗೆ ಹೋಗಿತ್ತೇ ಹೊರತು ಕರ್ನಾಟಕಕ್ಕೆ ಎಂದೂ ಬಂದಿರಲಿಲ್ಲ. ವಿಮಾನ ಕಾರ್ಖಾನೆಯ ಎಚ್.ಎ.ಎಲ್. ತಂಡವು ಎರಡು ವರ್ಷ ಅಗ್ರಶ್ರೇಣಿಯಲ್ಲಿದ್ದು 2012ರಲ್ಲಿ ಕೆಳಕ್ಕಿಳಿದ ಮೇಲೆ ನಮ್ಮ ಊರಿನ ಹೆಸರೇ ಪಟ್ಟಿಯಲ್ಲಿರಲಿಲ್ಲ.

ಸೆಪ್ಟೆಂಬರ್ 22, ಭಾನುವಾರ. ಅಶೋಕನಗರದ ಕಾಲ್ಚೆಂಡಿನ ಕ್ರೀಡಾಂಗಣದಲ್ಲಿ ನಾವು ಅಂಗವಸ್ತ್ರವನ್ನು ಹಾಸಿ ಕಲ್ಲಿನ ಮೆಟ್ಟಲಿನ ಮೇಲೆ ಕುಳಿತೆವು. ಹುಲ್ಲು ಬೆಳೆದದ್ದಲ್ಲ, ತಂದು ಹಾಸಿದ ಕೃತಕ ಹುಲ್ಲು. ಭಾವನವರು ಅದನ್ನು ನೋಡಿ, "ಇದರಲ್ಲಿ ಬಿದ್ದರೆ ಮಣ್ಣಾಗುವುದಿಲ್ಲ. ನಿಮ್ಮ ಅಕ್ಕನಿಗೆ ಒಗೆಯುವ ಕೆಲಸ ತಪ್ಪುತ್ತಿತ್ತು" ಎಂದರು. ಹತ್ತು ತಿಂಗಳಲ್ಲಿ ಅಕ್ಕನ ಮಾತನ್ನು ಅವರು ತೆಗೆದದ್ದು ಅದೇ ಮೊದಲು. ಶಾನ್ ರೂನಿ ಎಂಬ ಆಸ್ಟ್ರೇಲಿಯದ ಹುಡುಗನು ಹೊಸ ಸಂಘದ ಮೊದಲನೆಯ ಗೋಲನ್ನು ಹೊಡೆದನು. ಬಾಗಾನಿನವರೂ ಒಂದು ಹೊಡೆದು ಪಂದ್ಯ ಸಮವಾಯಿತು. ಮನೆಗೆ ಬಂದವರೇ ಭಾವನವರು ಹಾಲಿನ ಪುಸ್ತಕವನ್ನು ತೆಗೆದು, ಅಕ್ಕನ ಕೈಬರಹ ನಿಂತಿದ್ದ ಹಾಳೆಯ ಮುಂದಿನ ಹಾಳೆಯಲ್ಲಿ ತಾರೀಖನ್ನೂ ಎರಡು ಅಂಕಗಳನ್ನೂ ಬರೆದರು.

ಲೀಗ್ ಎಂಬುದರ ಸ್ವರೂಪವನ್ನು ಆ ಮೇಲೆ ಅವರೇ ನಮಗೆ ತಿಳಿಸಿಕೊಟ್ಟರು. ಆ ವರ್ಷ 13 ತಂಡಗಳು: ಗೋವೆಯವು ನಾಲ್ಕು, ಕಲ್ಕತ್ತೆಯವು ನಾಲ್ಕು, ಶಿಲಾಂಗಿನವು ಎರಡು, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಒಂದೊಂದು. ಪ್ರತಿಯೊಂದು ತಂಡವೂ ಮಿಕ್ಕ ಹನ್ನೆರಡರೊಡನೆ ಎರಡೆರಡು ಸಲ, ತನ್ನೂರಿನಲ್ಲಿ ಒಮ್ಮೆ, ಅವರೂರಿನಲ್ಲಿ ಒಮ್ಮೆ ಆಡಬೇಕು. ಒಟ್ಟು 24 ಪಂದ್ಯಗಳು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಕಡೆಗೆ ಹೆಚ್ಚು ಅಂಕವುಳ್ಳವರು ವಿಜಯಿಗಳು. ಇದರಲ್ಲಿ ಅಂತಿಮ ಪಂದ್ಯವೆಂಬುದೇ ಇಲ್ಲ.

"ಹಾಗಾದರೆ ಸ್ವಾರಸ್ಯವೇನು ಭಾವ?" ಎಂದು ಕೇಳಿದೆವು.

"ಕಪ್ಪಿನ ಪಂದ್ಯಾವಳಿ ಮದುವೆಯ ಮನೆಯಿದ್ದ ಹಾಗೆ ಮೇಷ್ಟ್ರೇ. ನಾಲ್ಕು ದಿನ ಓಡಾಡಿದರೆ ಆಯಿತು. ಲೀಗು ಸಂಸಾರ. ಮಳೆ ಬಂದ ದಿನವೂ ಒಲೆ ಹಚ್ಚಬೇಕು."

ಈ ಮಾತಿಗೆ ಪ್ರಮಾಣವು ಆ ಋತುವಿನಲ್ಲಿಯೇ ನಮಗೆ ದೊರೆಯಿತು. ಹಿಂದಿನ ವರ್ಷದ ಲೀಗನ್ನು ಗೆದ್ದಿದ್ದವರು ಗೋವೆಯ ಚರ್ಚಿಲ್ ಬ್ರದರ್ಸ್. ಅವರೇ 2014ರ ಜನವರಿಯಲ್ಲಿ ಫೆಡರೇಷನ್ ಕಪ್ಪನ್ನೂ ಗೆದ್ದರು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗಿನವರು 2013ರ ಡ್ಯುರಾಂಡ್ ಕಪ್ಪನ್ನು ಗೆದ್ದರು. ಎರಡು ಕಪ್ಪುಗಳನ್ನು ಹೊತ್ತ ಈ ಎರಡು ತಂಡಗಳೇ ಏಪ್ರಿಲಿನ ಹೊತ್ತಿಗೆ ಲೀಗಿನ ಅಡಿಯಲ್ಲಿ ಬಿದ್ದು ಕೆಳಗಿನ ಶ್ರೇಣಿಗೆ ಇಳಿದವು. ಇಂತಹ ವಿಪರೀತವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಮದುವೆಯನ್ನು ವೈಭವದಿಂದ ಮಾಡಿ ಮನೆಯನ್ನು ಮಾರಿದವರ ಹೊರತು.

ಆಫ್‌ಸೈಡ್ ಎಂಬ ನಿಯಮವನ್ನು ತಿಳಿಯಲು ಮಾತ್ರ ನಮಗೆ ಒಂದು ತಿಂಗಳು ಹಿಡಿಯಿತು. ಭಾವನವರು ಕಾಫಿಯ ಲೋಟಗಳನ್ನೂ ಸಾಸಿವೆ ಡಬ್ಬಿಯನ್ನೂ ಮೇಜಿನ ಮೇಲೆ ಜೋಡಿಸಿ ತೋರಿಸಿದರು: ತನ್ನವನು ಚೆಂಡನ್ನು ಒದೆಯುವ ಕ್ಷಣದಲ್ಲಿ ಎದುರಾಳಿಯ ಪಾಳೆಯದಲ್ಲಿರುವ ಆಟಗಾರನು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕಡೆಯಿಂದ ಎರಡನೆಯವನಿಗಿಂತಲೂ ಮುಂದೆ ನಿಂತು ಆಟದಲ್ಲಿ ಕೈಹಾಕಿದರೆ ಅದು ದೋಷ. ಇದು ಉತ್ಸರ್ಗಸೂತ್ರ. ಆದರೆ ಮೂಲೆಯಿಂದ ಒದೆದಾಗ, ಗೆರೆಯಾಚೆಯಿಂದ ಕೈಯಲ್ಲಿ ಎಸೆದಾಗ ಅದು ದೋಷವಲ್ಲ. ಇವು ಅಪವಾದಗಳು. ವ್ಯಾಕರಣಕ್ಕೆ ಇಳಿಸಿಕೊಂಡ ಮೇಲೆ ನಮಗೆ ಎಲ್ಲವೂ ಸುಲಭವಾಯಿತು. ನಾವು ಹೀಗೆ ವಿವರಿಸಿದಾಗ ಭಾವನವರು ನಕ್ಕರು. ನಮ್ಮ ಮನೆಯವರು ಅಡಿಗೆಮನೆಯಿಂದ ಹೊರಕ್ಕೆ ಬಂದು ನೋಡಿ, ಸಾಸಿವೆ ಡಬ್ಬಿಯನ್ನು ಕೇಳದೆಯೇ ಹಿಂದಿರುಗಿದರು.

ಮೈದಾನದಲ್ಲಿ ನಮ್ಮ ಸುತ್ತಲೂ ಇದ್ದವರು ಬಹುಮಟ್ಟಿಗೆ ನಮ್ಮ ಶಿಷ್ಯರ ವಯಸ್ಸಿನ ತರುಣರು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ತಮ್ಮನ್ನು ಕರೆದುಕೊಳ್ಳುವ ಅವರು ನೀಲಿ ಅಂಗಿ ತೊಟ್ಟು, ತಮಟೆ ಬಾರಿಸಿ, ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಿದ್ದರು. ಹಾಡುಗಳ ಸಾಹಿತ್ಯದ ವಿಷಯವಾಗಿ ಏನನ್ನೂ ಹೇಳದಿರುವುದು ಲೇಸು. ಆದರೆ ಮುದುಕರಿಬ್ಬರಿಗೆ ನೆರಳಿನ ಸ್ಥಳವನ್ನು ಬಿಟ್ಟುಕೊಟ್ಟು, ವಿರಾಮಕಾಲದಲ್ಲಿ ನೀರು ತಂದುಕೊಟ್ಟು, ಮೂರನೆಯ ಪಂದ್ಯದ ಹೊತ್ತಿಗೆ ಭಾವನವರನ್ನು ತಾತ ಎಂದು ಕರೆಯತೊಡಗಿದರು. ಭಾವನವರು ಅವರಂತೆ ಕೂಗುವವರಲ್ಲ. ನಮ್ಮ ಮೊಣಕೈಯನ್ನು ತಟ್ಟಿ, "ಚೆಂಡನ್ನು ನೋಡಬೇಡಿ ಮೇಷ್ಟ್ರೇ, ಚೆಂಡಿಲ್ಲದವನನ್ನು ನೋಡಿ" ಎನ್ನುವರು. ನಾಯಕ ಸುನಿಲ್ ಛೇತ್ರಿಯನ್ನು ನಮಗೆ ತೋರಿಸಿಕೊಟ್ಟದ್ದು ಹಾಗೆ. ಎತ್ತರದ ಆಳಲ್ಲ, ಆಗ ದೇಶದ ತಂಡಕ್ಕೂ ಆತನೇ ನಾಯಕನಾಗಿದ್ದನು. ಆ ಋತುವಿನ ಲೀಗಿನಲ್ಲಿ 14 ಗೋಲುಗಳನ್ನು ಹೊಡೆದನು. ಜನರು ಗೋಲನ್ನು ಕಂಡು ಕುಣಿಯುವಾಗ ಭಾವನವರು, ಅದಕ್ಕೆ ಐದು ಗಳಿಗೆ ಮುಂಚೆ ಆತನು ಎದುರಾಳಿಯ ಬೆನ್ನಹಿಂದೆ ಎರಡು ಹೆಜ್ಜೆ ಸರಿದು ನಿಂತದ್ದನ್ನು ಹೇಳುವರು. ಗಳಿಗೆಯೆಂದರೆ ಅವರ ಭಾಷೆಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು.

ಶಿಕ್ಷಕನು ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷಿನವನು, ಇನ್ನೂ ನಲವತ್ತು ತುಂಬದವನು. ಹಿಂಬದಿಯಲ್ಲಿ ಜಾನ್ ಜಾನ್ಸನ್ ಎಂಬ ಇಂಗ್ಲಿಷಿನವನೂ ಕರ್ಟಿಸ್ ಒಸಾನೊ ಎಂಬ ಕೀನ್ಯಾದವನೂ ಗೋಡೆಯಂತೆ ನಿಲ್ಲುವರು. ಶಂಕರ್ ಸಂಪಂಗಿರಾಜ್ ಎಂಬ ಬೆಂಗಳೂರಿನ ಹುಡುಗನು ಚೆಂಡು ಮುಟ್ಟಿದಾಗಲೆಲ್ಲ ಭಾವನವರು ಸ್ವಲ್ಪ ಮುಂದಕ್ಕೆ ಬಾಗಿ ಕೂಡುವರು. ಹುಡುಗರು ದಣಿಯುವುದಿಲ್ಲವೆಂಬುದು ಅವರ ಮುಖ್ಯವಾದ ಮೆಚ್ಚಿಗೆ; ತಾವು ಕಾರ್ಖಾನೆಯಿಂದ ನೇರವಾಗಿ ಬಂದು ಒಂದು ಬನ್ನು ತಿಂದು ಆಡುತ್ತಿದ್ದುದನ್ನು ನೆನೆದುಕೊಳ್ಳುವರು. ಆದರೆ ಒಂದು ಸಂದೇಹವನ್ನು ಮಾತ್ರ ಅವರು ಕಡೆಯವರೆಗೂ ಬಿಡಲಿಲ್ಲ. "ಈ ಹುಡುಗನ ಕಾಲು ಮುರಿದರೆ ಮರುದಿನ ಯಾವ ಯಂತ್ರದ ಮುಂದೆ ನಿಲ್ಲುತ್ತಾನೆ?" ಎಂದು ಕೇಳುವರು. ಕಾರ್ಖಾನೆಯ ತಂಡಗಳು ಒಂದೊಂದಾಗಿ ಸೊರಗಿದ ಮೇಲೆ ಈ ಪ್ರಶ್ನೆಗೆ ನಮಗೆ ತಿಳಿದಮಟ್ಟಿಗೆ ಯಾರೂ ಸರಿಯಾದ ಉತ್ತರವನ್ನು ಕೊಟ್ಟಿಲ್ಲ. ದೊಡ್ಡ ಹೆಸರಿನ ನಾಲ್ವರಿಗೆ ಹಣ ಬರುತ್ತದೆ. ಬೆಂಚಿನ ಮೇಲೆ ಕೂಡುವ ಹುಡುಗನಿಗೆ ಹೆಣ್ಣು ಕೊಡುವ ತಂದೆ ಇಂದು ಯಾವ ಚೀಟಿಯನ್ನು ನೋಡಬೇಕು?

ಫೆಬ್ರುವರಿಯಲ್ಲಿ ಒಂದು ರಾತ್ರಿ ಭಾವನವರಿಗೆ ಎದೆನೋವು ಬಂದಿತು. ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಹಿಂದಿನ ಮಾತನ್ನೇ ಹೇಳಿದರು: ನಾಳದಲ್ಲಿ ಸ್ಟೆಂಟ್ ಇಡಬೇಕು, ಇನ್ನು ತಡಮಾಡಿದರೆ ತಾವು ಜವಾಬ್ದಾರರಲ್ಲ. ಮಗನು ಪುಣೆಯಿಂದ ಹೊರಟಿದ್ದನು, ಇನ್ನೂ ತಲಪಿರಲಿಲ್ಲ. ನಾವು ಹಾಸಿಗೆಯ ಪಕ್ಕದಲ್ಲಿ ನಿಂತು, "ಯಾತಕ್ಕೆ" ಎಂಬ ಆ ಹಳೆಯ ಮಾತು ಈಗ ಬರುತ್ತದೆಂದು ಕಾದೆವು. ಭಾವನವರು ಸ್ವಲ್ಪ ಹೊತ್ತು ಮಾಳಿಗೆಯನ್ನು ನೋಡಿ, ವೈದ್ಯರ ಕಡೆಗೆ ತಿರುಗಿ, "ಎಷ್ಟು ದಿನ ಮಲಗಿರಬೇಕು? ಏಪ್ರಿಲಿನೊಳಗೆ ಮೆಟ್ಟಲು ಹತ್ತಬಹುದೋ?" ಎಂದರು. ಯಾವ ಮೆಟ್ಟಲೆಂದು ವೈದ್ಯರಿಗೆ ತಿಳಿಯಲಿಲ್ಲ. ಮನೆಯ ಮೆಟ್ಟಲನ್ನು ಅದಕ್ಕೂ ಮುಂಚೆಯೇ ಹತ್ತಬಹುದೆಂದರು. ನಾವು ಕಿಟಕಿಯ ಕಡೆಗೆ ಹೋಗಿ ನಿಂತೆವು.

ಅವರು ಮಲಗಿದ್ದ ಕಾಲದಲ್ಲಿ ಊರಿನಲ್ಲಿ ನಡೆದ ಪಂದ್ಯಕ್ಕೆ ನಾವು ಒಬ್ಬರೇ ಹೋಗಬೇಕಾಯಿತು. ಅದು ಅವರ ಅಪ್ಪಣೆ. ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಎಷ್ಟು ಗೋಲು, ಯಾರು ಹೊಡೆದರೆಂದು ಹೇಳತೊಡಗಿದೆವು. ಅವರು ಕೈಯೆತ್ತಿ ತಡೆದು, "ಅದು ನಾಳೆ ಪೇಪರಿನಲ್ಲಿ ಬರುತ್ತದೆ ಮೇಷ್ಟ್ರೇ, ನಿಮ್ಮನ್ನು ಕಳಿಸಿದ್ದು ಅದಕ್ಕಲ್ಲ. ಎಡಗಡೆಯ ಹಿಂಬದಿಯವನು ಮುಂದಕ್ಕೆ ಓಡಿದಾಗ ಅವನ ಜಾಗಕ್ಕೆ ಯಾರು ಬಂದರು?" ಎಂದು ಕೇಳಿದರು. ಆ ಸ್ಥಾನದಲ್ಲಿಯೇ ಅವರು ಹದಿನಾಲ್ಕು ವರ್ಷ ಆಡಿದವರು. ನಾವು ಜೇಬಿನಿಂದ ಚೀಟಿಯನ್ನು ತೆಗೆದೆವು. ಅಂದು ನಾವು ಚೆಂಡನ್ನು ಬಹಳವಾಗಿ ನೋಡಿರಲಿಲ್ಲ. ಮೊದಲನೆಯ ಅರ್ಧದಲ್ಲಿ ಏಳು ಸಲ, ಎರಡನೆಯ ಅರ್ಧದಲ್ಲಿ ನಾಲ್ಕು ಸಲ, ಯಾರು ಬಂದರು, ಯಾರು ಬರಲಿಲ್ಲವೆಂದು ಬರೆದುಕೊಂಡಿದ್ದೆವು. ಭಾವನವರು ಒಂದೊಂದನ್ನೂ ಕೇಳಿ ತಲೆದೂಗಿದರು. ಪಕ್ಕದ ಹಾಸಿಗೆಯ ರೋಗಿಯು ನಮ್ಮನ್ನು ಲೆಕ್ಕಪರಿಶೋಧಕರೆಂದು ತಿಳಿದನಂತೆ.

ಮಾರ್ಚಿಯಲ್ಲಿ ಪರೀಕ್ಷೆಗಳು, ಏಪ್ರಿಲ್ 17ರಂದು ಲೋಕಸಭೆಯ ಚುನಾವಣೆ. ಮತಗಟ್ಟೆಯ ಕೆಲಸಕ್ಕೆ ನಮ್ಮನ್ನು ಹಾಕಿದ್ದರು. ಆದಕಾರಣ ಋತುವಿನ ಕಡೆಯ ಭಾಗವನ್ನು ನಾವು ಹಾಲಿನ ಪುಸ್ತಕದಿಂದಲೇ ತಿಳಿದುಕೊಂಡೆವು. ಈಸ್ಟ್ ಬೆಂಗಾಲಿನವರು ಹಿಂದೆ ಬಿದ್ದು ಬಿಡದೆ ಬರುತ್ತಿದ್ದರು. ಏಪ್ರಿಲ್ 21ರಂದು ಮಡಗಾಂವಿನ ಫತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೋ ತಂಡದೊಡನೆ ಪಂದ್ಯ. ಐ-ಲೀಗ್ ಎಂಬ ಹೆಸರು ಬಂದ ಮೊದಲನೆಯ ವರ್ಷದ ವಿಜಯಿಗಳು ಡೆಂಪೋದವರೇ. ಗೆದ್ದರೆ ಕಿರೀಟ ಬೆಂಗಳೂರಿಗೆ. ಗೋವೆಗೆ ಹೋಗುವುದಕ್ಕೆ ವೈದ್ಯರ ಒಪ್ಪಿಗೆಯಿರಲಿಲ್ಲವಾಗಿ ಟೆಲಿವಿಷನ್ನಿನ ಮುಂದೆ ಕುಳಿತೆವು. ಸೋದರಳಿಯನೂ ರಜ ಹಾಕಿ ಬಂದಿದ್ದನು. ಪಂದ್ಯವು ನಾಲ್ಕಕ್ಕೆ ಎರಡರಂತೆ ಬೆಂಗಳೂರಿನ ಕಡೆಗಾಯಿತು. ಹುಟ್ಟಿ ವರ್ಷ ತುಂಬದ ಸಂಘವು ದೇಶದ ಲೀಗನ್ನು ಗೆದ್ದುಬಿಟ್ಟಿತು. ಮುಗಿದಾಗ ಲೆಕ್ಕ ಹೀಗಿತ್ತು: ಬೆಂಗಳೂರು 47, ಈಸ್ಟ್ ಬೆಂಗಾಲ್ 43.

ಹುಡುಗನು ಎದ್ದು ಕೂಗಿದನು. ಭಾವನವರು ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ಹೊತ್ತಿಗೆ ಅವಳು ಇದ್ದಿದ್ದರೆ, ಟೀವಿ ಆರಿಸಿ ಊಟಕ್ಕೆ ಏಳಿ ಎನ್ನುತ್ತಿದ್ದಳು" ಎಂದರು. ಆಮೇಲೆ ತಾವೇ ಆರಿಸಿ ಊಟಕ್ಕೆ ಎದ್ದರು. ಅಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆಂಬುದನ್ನು ನಮ್ಮ ಮನೆಯವರು ಈಗಲೂ ಹೇಳುತ್ತಾರೆ.

ಮುಂದಿನ ಋತುವಿಗೆ ಸಂಘವು ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಆಟಗಾರರಿಗೂ ನೋಡುವವರಿಗೂ ನಡುವೆ ಓಟದ ಹಾದಿಯೊಂದು ಅಡ್ಡವಾಗಿದ್ದುದರಿಂದ ಎಡಗಡೆಯ ಹಿಂಬದಿಯವನ ಮುಖ ಕಾಣುವುದಿಲ್ಲವೆಂದು ಭಾವನವರಿಗೆ ಅಸಮಾಧಾನ. 2015ರ ಮೇ 31ರಂದು, ಗೆದ್ದಿದ್ದರೆ ಮತ್ತೆ ಕಿರೀಟ ದೊರೆಯುತ್ತಿದ್ದ ಕಡೆಯ ಪಂದ್ಯದಲ್ಲಿ, ಅದೇ ಮೋಹನ್ ಬಾಗಾನಿನವರು ಮುಗಿಯಲು ಕೆಲವೇ ನಿಮಿಷಗಳಿರುವಾಗ ಗೋಲು ಹೊಡೆದು ಸಮಮಾಡಿಕೊಂಡು ಕಿರೀಟವನ್ನು ಕಲ್ಕತ್ತೆಗೆ ಒಯ್ದರು. ಆ ದಿನ ಮಳೆಯಲ್ಲಿ ನೆನೆದು ಬಂದ ಭಾವನವರು ತಲೆಯನ್ನೂ ಒರೆಸಿಕೊಳ್ಳದೆ ಪುಸ್ತಕಕ್ಕೆ ಕುಳಿತರು. ಹಾಲಿನ ಪುಸ್ತಕದಲ್ಲಿ ಎರಡೇ ಗೆರೆ ಉಳಿದಿತ್ತು. ಬರೆದು ಮುಗಿಸಿ, ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಇದೇ ಅಳತೆಯದು ಇನ್ನೊಂದನ್ನು ತಂದುಕೊಡಿರೆಂದು ನಮ್ಮ ಕೈಗೆ ಐವತ್ತು ರೂಪಾಯಿ ಕೊಟ್ಟರು.